ಯಾವ ತೆರೇಸಾ?

ತೆರೇಸಾ ಅಂದ ಕೂಡಲೇ ನೀಲಿ ಅಂಚಿನ ಬಿಳಿ ಸೀರೆ ನೆನಪಾಗುತ್ತದೆ, ಅಲ್ವಾ? ಆದರೆ ಕೋಲ್ಕತ್ತದ ಮದರ್ ಹುಟ್ಟಿದಾಗ ಅವರ ಹೆಸರು ಆಗ್ನೆಸ್. ಲೊರೆಟೊ ಎಂಬ ಸಂಘದ ಸಿಸ್ಟರ್ ಆಗುವಾಗ ಫ್ರಾನ್ಸಿನ ಲಿಸ್ಯೂ ಊರಿನ ಸಂತ ತೆರೇಸ್ ಹೆಸರನ್ನು ಆರಿಸಿಕೊಂಡರು. ಕಾನ್ವೆಂಟಿನಲ್ಲಿ ಆ ಹೆಸರಿನವರು ಆಗಲೇ ಒಬ್ಬರಿದ್ದರು. ಹಾಗಾಗಿ ಸ್ಪೇನಿನವರ ಹಾಗೆ ತೆರೇಸಾ ಎಂದು ಬರೆದುಕೊಂಡರು.

ಲಿಟಲ್ ಫ್ಲವರ್ ಅಂತ ಬೋರ್ಡ್ ಇರುವ ಶಾಲೆಗಳನ್ನು ನೋಡಿರುತ್ತೀರಿ. ಆ ಪುಟ್ಟ ಹೂವು ಈ ಲಿಸ್ಯೂ ತೆರೇಸ್. ನನ್ನ ತಕರಾರು ಇಲ್ಲೇ ಶುರು. ಹೂವು, ಕರುಣೆ, ಮುಗುಳ್ನಗೆ ಅಂತ ಹೇಳಿ ಈ ಹೆಣ್ಣುಮಕ್ಕಳನ್ನು ಫೋಟೊದಲ್ಲಿ ಕೂರಿಸಿ ಹಾರ ಹಾಕಿಬಿಟ್ಟೆವು. ಅವರು ಬರೆದದ್ದನ್ನು ಓದುವವರು ಕಮ್ಮಿ. ಈ ಹೆಸರು ಕೈಯಿಂದ ಕೈಗೆ ದಾಟಿದ್ದರಲ್ಲಿ ಆ ಬರಹದ ಪಾಲೇ ಜಾಸ್ತಿ.

ಎಲ್ಲರಿಗಿಂತ ಹಿರಿಯರು ಸ್ಪೇನಿನ ಆವಿಲಾದ ತೆರೇಸಾ. ಹುಟ್ಟಿದ್ದು 1515ರಲ್ಲಿ. ಅಜ್ಜ ಕ್ರೈಸ್ತರಾದ ಯಹೂದಿ. ಗುಟ್ಟಾಗಿ ಹಳೆಯ ಆಚಾರ ನಡೆಸುತ್ತಾರೆಂದು, ನಂಬಿಕೆ ತಪ್ಪಿದವರನ್ನು ವಿಚಾರಿಸುವ ಚರ್ಚಿನ ನ್ಯಾಯಮಂಡಳಿಯಾದ ಇನ್‌ಕ್ವಿಸಿಷನ್ ಅವರನ್ನು ಶಿಕ್ಷಿಸಿತ್ತು. ಅಂಥ ಮನೆಯ ಮೊಮ್ಮಗಳು 'ದೇವರು ನನ್ನ ಹತ್ತಿರ ಮಾತಾಡುತ್ತಾನೆ' ಅಂದರೆ ಸುಮ್ನೆ ಬಿಡ್ತಾರಾ? ಇದು ದೇವರೋ ಸೈತಾನನೋ ನೋಡಬೇಕು, ಎಲ್ಲ ಬರೆದುಕೊಡಿ ಎಂದು ಪಾದ್ರಿಗಳು ಹೇಳಿದರು. ಬರೆದುಕೊಟ್ಟರು. ಆ ಆತ್ಮಕಥೆಯನ್ನೂ ಇನ್‌ಕ್ವಿಸಿಷನ್ ತರಿಸಿ ತನ್ನಲ್ಲೇ ಇಟ್ಟುಕೊಂಡಿತು. ಆಕೆ ಅದಕ್ಕೆಲ್ಲ ನಿಲ್ಲಲಿಲ್ಲ. ಕಾಯಿಲೆ ಮೈಯಲ್ಲೇ ಗಾಡಿ ಏರಿ ಊರೂರು ಸುತ್ತಿ, 1562ರಿಂದ ಸಾಯುವಷ್ಟರಲ್ಲಿ 17 ಕಾನ್ವೆಂಟ್ ಕಟ್ಟಿಸಿದರು. ಒಂದು ಕಡೆ ನಿಲ್ಲದ, ಮಾತು ಕೇಳದ ಹೆಂಗಸು ಎಂದು ಪೋಪರ ರಾಯಭಾರಿಯೇ ಬೈದಿದ್ದರು. ಅದೇ ಹೆಂಗಸಿಗೆ 1970ರಲ್ಲಿ 'ಡಾಕ್ಟರ್ ಆಫ್ ದ ಚರ್ಚ್', ಅಂದರೆ ಇಡೀ ಚರ್ಚಿಗೆ ಗುರು ಎನ್ನುವ ಪದವಿ ಕೊಟ್ಟರು. ಅಲ್ಲಿಯವರೆಗೆ ಒಬ್ಬ ಹೆಣ್ಣಿಗೂ ಅದು ಸಿಕ್ಕಿರಲಿಲ್ಲ. (ಆಕೆ ತೀರಿಕೊಂಡದ್ದು 1582ರ ಅಕ್ಟೋಬರ್ 4ರ ರಾತ್ರಿ. ಅದೇ ರಾತ್ರಿ ಸ್ಪೇನಿನ ಕ್ಯಾಲೆಂಡರ್ ಬದಲಾಯಿತು, ನಡುವಿನ ಹತ್ತು ದಿನ ಬಿಟ್ಟು ಮರುದಿನ ಅಕ್ಟೋಬರ್ 15!)

ಆ ಆತ್ಮಕಥೆ 1921ರಲ್ಲಿ ಎಡಿತ್ ಸ್ಟೈನ್ ಕೈಗೆ ಬಂತು. ಜರ್ಮನಿಯ ಯಹೂದಿ ಮನೆಯ ಹೆಣ್ಣುಮಗಳು, ತತ್ವಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದವರು. ಗೆಳತಿಯ ಮನೆಯಲ್ಲಿ ರಾತ್ರಿ ಕೂತು ಓದಿದರು, ಕ್ರೈಸ್ತರಾದರು. ಮುಂದೆ ಆವಿಲಾದ ತೆರೇಸಾ ಅವರದೇ ಪಂಗಡವಾದ ಕಾರ್ಮೆಲ್‌ನ ಕಾನ್ವೆಂಟ್ ಸೇರಿದಾಗ ಅವರೂ ತೆರೇಸಾ ಆದರು. 1942ರಲ್ಲಿ ನಾಜಿಗಳು ಅವರನ್ನು ಆಶ್ವಿಟ್ಸ್‌ನಲ್ಲಿ ಕೊಂದರು. ಹೆಸರು ಬದಲಾದರೂ ನಾಜಿಗಳ ಲೆಕ್ಕದಲ್ಲಿ ಅವರು ಯಹೂದಿಯೇ.

ಇನ್ನು ನಮ್ಮ ಲಿಟಲ್ ಫ್ಲವರ್. ಬಟ್ಟೆ ಒಗೆಯುವಾಗ ಎದುರಿನ ಸಿಸ್ಟರ್ ಕರವಸ್ತ್ರ ಎತ್ತಿದಾಗಲೆಲ್ಲ ಇವರ ಮುಖಕ್ಕೆ ಕೊಳೆ ನೀರು ಸಿಡಿಯುತ್ತಿತ್ತು. ಮುಖ ಒರೆಸಿಕೊಂಡು ತೋರಿಸೋಣ ಅನ್ನಿಸಿತು, ತಡೆದುಕೊಂಡೆ ಎಂದು ಬರೆಯುತ್ತಾರೆ. ಪೆಟ್ಟು ಬಿದ್ದರೆ ತಿರುಗಿಸಿ ಕೊಡುವ ಆಸೆ ಇದ್ದ ಹುಡುಗಿ ಅದು. 1897ರಲ್ಲಿ, 24ನೇ ವಯಸ್ಸಿಗೆ, ಕ್ಷಯದಿಂದ ತೀರಿಕೊಂಡರು. ಸ್ವರ್ಗ ಅನ್ನುವುದು ಇದೆಯೋ ಇಲ್ಲವೋ ಅನ್ನುವ ಕತ್ತಲು ಕವಿದಿದೆ ಎಂದು ಕೊನೆಯ ತಿಂಗಳುಗಳಲ್ಲಿ ಬರೆದಿಟ್ಟಿದ್ದಾರೆ.

2007ರಲ್ಲಿ ಮದರ್ ತೆರೇಸಾ ಪತ್ರಗಳು ಅಚ್ಚಾದವು. ದೇವರು ಹತ್ತಿರ ಇದ್ದಾನೆ ಎಂದೇ ಅನ್ನಿಸದೆ ಹತ್ತಾರು ವರ್ಷ ಕಳೆದದ್ದು ಅದರಲ್ಲಿದೆ. 'ನೋಡಿ, ಅವರಿಗೇ ನಂಬಿಕೆ ಇರಲಿಲ್ಲ' ಎಂದು ಕೆಲವರು ಕುಣಿದರು. ಲಿಸ್ಯೂ ತೆರೇಸ್ ಬರೆದದ್ದನ್ನು ಓದಿದವರಿಗೆ ಇದರಲ್ಲಿ ಹೊಸದೇನಿತ್ತು? ಪತ್ರಗಳನ್ನು ನಾಶ ಮಾಡಿ ಎಂದು ಮದರ್ ಕೇಳಿಕೊಂಡಿದ್ದರು ನಿಜ. ಹಾಗಿದ್ದರೂ ಅಚ್ಚು ಹಾಕಿದ್ದು ಸರಿ ಅಂತಲೇ ನನ್ನ ವಾದ. ಅಷ್ಟು ವರ್ಷ ಒಳಗೆ ಏನೂ ಸಿಗದೆ, ಬೆಳಗಾದರೆ ಎದ್ದು ಅದೇ ಕೆಲಸಕ್ಕೆ ಹೋಗುತ್ತಿದ್ದ ಹೆಂಗಸು ನನಗೆ ಫೋಟೊದ ಮದರ್‌ಗಿಂತ ದೊಡ್ಡವರಾಗಿ ಕಾಣುತ್ತಾರೆ.

ಓದುವ ಮನಸ್ಸಾದರೆ ಆವಿಲಾದವರಿಂದ ಶುರು ಮಾಡಿ. ಹಟಮಾರಿ, ಮಾತುಗಾರ್ತಿ, ನಡುನಡುವೆ ನಗಿಸುತ್ತಾರೆ ಕೂಡ.