ಎಚ್‌ಆರ್‌ನಲ್ಲಿ ಮೊದಲ ವರ್ಷ: ಸಂಬಳದ ಲೆಕ್ಕದಿಂದ ಶುರು ಮಾಡಿ

ಎಂಬಿಎ, ಎಂಎಸ್‌ಡಬ್ಲ್ಯು ಕೊನೆಯ ಸೆಮಿಸ್ಟರ್‌ನಲ್ಲಿರುವ ಗೆಳೆಯರೇ,

ಎಚ್‌ಆರ್ ಕೆಲಸ ಹುಡುಕಲು ಹೊರಟವರಿಗೆ ಮೊದಲು ಬರುವುದು ನೇಮಕಾತಿ ಏಜೆನ್ಸಿಗಳ ಕರೆ. ದಿನಕ್ಕೆ ಇಷ್ಟು ಫೋನ್, ವಾರಕ್ಕೆ ಇಷ್ಟು ಜನರನ್ನು ಇಂಟರ್‌ವ್ಯೂಗೆ ಕಳಿಸಬೇಕು ಎಂಬ ಟಾರ್ಗೆಟ್ಟು. ಆ ಕೆಲಸ ಕೀಳೇನಲ್ಲ. ಆದರೆ ಅದರಲ್ಲೇ ಎರಡು ಮೂರು ವರ್ಷ ಕಳೆದವರು ಪಿಎಫ್ (ಭವಿಷ್ಯ ನಿಧಿ) ಹಣ ಕಟ್ಟುವ ಚಲನ್ ಕಂಡಿರುವುದಿಲ್ಲ, ಎಲ್ಲ ಬಗೆಯ ಎಚ್‌ಆರ್ ಕೆಲಸ ನೋಡುವ ಜನರಲಿಸ್ಟ್ ಹುದ್ದೆಯ ಸಂದರ್ಶನದಲ್ಲಿ ಅಲ್ಲೇ ತಡವರಿಸುತ್ತಾರೆ. ಆಯ್ಕೆ ಇದ್ದರೆ ಪೀಣ್ಯ, ಬಿಡದಿ, ನಂಜನಗೂಡಿನಂಥ ಕಡೆ ಕಾರ್ಖಾನೆಯೊಂದಕ್ಕೆ ಟ್ರೈನಿಯಾಗಿ ಸೇರಿ. ಸಂಬಳ ಸ್ವಲ್ಪ ಕಡಿಮೆಯಾದರೂ ಸರಿ. ಹಾಜರಿ, ಓವರ್‌ಟೈಮ್, ಕ್ಯಾಂಟೀನ್ ಜಗಳ, ಗುತ್ತಿಗೆ ಕಾರ್ಮಿಕರ ಬಿಲ್ಲು ಎಲ್ಲವೂ ಒಂದೇ ಸೂರಿನಡಿ ಸಿಗುತ್ತವೆ.

ಮೊದಲು ಕಲಿಯಬೇಕಾದದ್ದು ಪಿಎಫ್. ಬೇಸಿಕ್ (ಮೂಲ ವೇತನ) 14,000 ಇರುವ ಒಬ್ಬರನ್ನು ತೆಗೆದುಕೊಳ್ಳಿ. ಅವರ ಪಾಲು ಶೇ. 12, ಅಂದರೆ 1,680 ರೂಪಾಯಿ. ಮಾಲೀಕರ ಪಾಲೂ ಅಷ್ಟೇ, ಆದರೆ ಅದು ಒಡೆಯುತ್ತದೆ: ಶೇ. 8.33, ಅಂದರೆ 1,166 ಪಿಂಚಣಿಗೆ, ಉಳಿದ 514 ಪಿಎಫ್ ಖಾತೆಗೆ. ಇದನ್ನು ಪೆನ್ನು ಹಿಡಿದು ಬರೆದು ತೋರಿಸುವ ಹುಡುಗ ಹುಡುಗಿಯರು ಸಂದರ್ಶನದಲ್ಲಿ ತುಂಬಾ ಕಡಿಮೆ. ತಿಂಗಳ ಹಣ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಒಂದು ದಿನ ತಡವಾದರೂ, ಕಾರ್ಮಿಕರಿಂದ ಹಿಡಿದ ಪಾಲನ್ನು ಕಂಪನಿ ಆದಾಯ ತೆರಿಗೆಯಲ್ಲಿ ಖರ್ಚಾಗಿ ತೋರಿಸುವಂತಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 14ನೇ ತಾರೀಖು ಅಕೌಂಟ್ಸ್‌ನವರು ನಿಮ್ಮ ಟೇಬಲ್ ಸುತ್ತ ಸುಳಿಯುವುದು ಅದಕ್ಕೇ.

ಲೆಕ್ಕಕ್ಕಿಂತ ಹೆಚ್ಚು ಕಾಡುವುದು ಹೆಸರು. ಆಧಾರ್‌ನಲ್ಲಿ ‘ಮಂಜುನಾಥ ಎಸ್’, ಪ್ಯಾನ್‌ನಲ್ಲಿ ‘ಮಂಜುನಾಥ್ ಶಿವಣ್ಣ’, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಎಸ್. ಮಂಜುನಾಥ’. ನಮ್ಮ ಕಡೆ ಇನಿಷಿಯಲ್ ಹಿಂದೆ ಮುಂದೆ ಆಗುವುದು ಯಾರಿಗೂ ತಪ್ಪೆನಿಸುವುದಿಲ್ಲ, ಪೋರ್ಟಲ್‌ಗೆ ಮಾತ್ರ ಅದು ಬೇರೆಯೇ ಮನುಷ್ಯ. ಕೆವೈಸಿ ನಿಂತುಬಿಡುತ್ತದೆ, ಮಗಳ ಮದುವೆಗೆ ಹಣ ತೆಗೆಯಲು ಹೋದಾಗ ಕ್ಲೇಮ್ ತಿರಸ್ಕೃತವಾಗುತ್ತದೆ. ಸೇರುವ ದಿನವೇ ಆಧಾರ್ ಎದುರಿಗಿಟ್ಟು ಅಕ್ಷರ ಅಕ್ಷರ ತಾಳೆ ನೋಡಿ. ಹಳೆಯ ಯುಎಎನ್ (ಪಿಎಫ್ ಸದಸ್ಯರ ಕಾಯಂ ಸಂಖ್ಯೆ) ಇದೆಯೇ, ಹಿಂದಿನ ಕಂಪನಿ ಕೆಲಸ ಬಿಟ್ಟ ದಿನಾಂಕ ನಮೂದಿಸಿದೆಯೇ ಎಂದು ಆಗಲೇ ಕೇಳಿ.

ಇಎಸ್‌ಐನಲ್ಲಿ ಹೊಸಬರು ಮಾಡುವ ಎಡವಟ್ಟು ಬೇರೆ. ಇಎಸ್‌ಐ ಅಂದರೆ ಕಾರ್ಮಿಕರ ರಾಜ್ಯ ವಿಮೆ; ಅದಕ್ಕೆ ಒಳಪಡುವ ತಿಂಗಳ ಸಂಬಳದ ಮಿತಿ 21,000. ಜುಲೈನಲ್ಲಿ ಇನ್‌ಕ್ರಿಮೆಂಟ್ ಬಂದು ಒಬ್ಬರ ಸಂಬಳ 22,500 ಆಯಿತು ಅನ್ನಿ. ತಕ್ಷಣ ಕಡಿತ ನಿಲ್ಲಿಸಿದರೆ ತಪ್ಪು. ವಂತಿಗೆಯ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಸೆಪ್ಟೆಂಬರ್ ಮುಗಿಯುವವರೆಗೆ ಪೂರ್ತಿ 22,500ರ ಮೇಲೇ ಕಾರ್ಮಿಕರಿಂದ ಶೇ. 0.75, ಮಾಲೀಕರಿಂದ ಶೇ. 3.25 ಹೋಗಬೇಕು. ಅನಾರೋಗ್ಯ ಭತ್ಯೆಗೆ ಆ ಅವಧಿಯಲ್ಲಿ 78 ದಿನಗಳ ವಂತಿಗೆ ಬೇಕು. ನೀವು ಮಧ್ಯದಲ್ಲಿ ನಿಲ್ಲಿಸಿದರೆ ಏಟು ಬೀಳುವುದು ಅವರಿಗೆ.

ಹಳೆಯ ನೋಟ್ಸ್ ನಂಬಬೇಡಿ. ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದಿವೆ. ‘ವೇತನ’ ಎಂದರೇನು ಎಂಬುದೇ ಬದಲಾಗಿದೆ: ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ ಹೆಚ್ಚುವರಿ ಮೊತ್ತ ವೇತನಕ್ಕೇ ಸೇರುತ್ತದೆ. ಒಟ್ಟು 30,000ದಲ್ಲಿ ಬೇಸಿಕ್ 9,000, ಉಳಿದ 21,000 ಭತ್ಯೆ ಎಂದು ಜಾಣತನ ಮಾಡಿದ ಕಂಪನಿಗೂ ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡಿಗಂಟು) ಲೆಕ್ಕ 15,000ದ ಮೇಲೇ. ಕೆಲಸ ಬಿಟ್ಟವರ ವೇತನದ ಬಾಕಿ ಎರಡು ಕೆಲಸದ ದಿನಗಳಲ್ಲಿ ತೀರಬೇಕು. ‘ಎಫ್ ಅಂಡ್ ಎಫ್‌ಗೆ 45 ದಿನ ಆಗುತ್ತೆ’ (ಅಂದರೆ ಕೊನೆಯ ಲೆಕ್ಕ ತೀರಿಸಲು) ಎಂಬ ಮಾತು ಅನೇಕ ಆಫೀಸುಗಳಲ್ಲಿ ಬಾಯಿಪಾಠವಾಗಿದೆ. ಐಡಿ ಕಾರ್ಡು, ಲ್ಯಾಪ್‌ಟಾಪು, ರಜೆಯ ಲೆಕ್ಕವನ್ನು ನೋಟಿಸ್ ಅವಧಿಯಲ್ಲೇ ಮುಗಿಸುವ ರೂಢಿ ಮಾಡಿಕೊಳ್ಳದೆ ಈ ಗಡುವು ಹಿಡಿಯಲಾಗದು.

ಸಂದರ್ಶನದ ಕೊನೆಯಲ್ಲಿ ‘ಏನಾದರೂ ಕೇಳುವುದಿದೆಯೇ?’ ಅನ್ನುತ್ತಾರಲ್ಲ, ಆಗ ಕೇಳಿ: ಪೇರೋಲ್ (ಸಂಬಳದ ಲೆಕ್ಕ) ಇಲ್ಲೇ ಮಾಡುತ್ತೀರಾ, ಹೊರಗೆ ಕೊಟ್ಟಿದ್ದೀರಾ? ಹೊರಗೆ ಕೊಟ್ಟಿದ್ದರೆ, ಚಲನ್ ಮತ್ತು ಹಾಜರಿ ತಾಳೆ ನೋಡುವವರು ಯಾರು? ‘ಅದೆಲ್ಲ ವೆಂಡರ್ ನೋಡಿಕೊಳ್ತಾರೆ’ ಎಂದರೆ ಆಫರ್ ಲೆಟರ್‌ಗೆ ಸಹಿ ಹಾಕುವ ಮೊದಲು ಎರಡು ದಿನ ಸಮಯ ಕೇಳಿ.