ಇರುವೆಯ ಮೈಮೇಲೆ ಚಿನ್ನ

ಕೇಳುಗರೇ, ನಮಸ್ಕಾರ.

ಇರುವೆಯ ಮುಖವನ್ನು ಭಾರೀ ದೊಡ್ಡದಾಗಿ ತೋರಿಸುವ ಚಿತ್ರಗಳನ್ನು ನೀವೂ ನೋಡಿರುತ್ತೀರಿ, ಅಲ್ವಾ? ಒಂದೊಂದು ರೋಮವನ್ನೂ ಎಣಿಸಬಹುದು. ಬೆಳಕಿನ ಬದಲು ಎಲೆಕ್ಟ್ರಾನುಗಳನ್ನು ವಸ್ತುವಿನ ಮೇಲೆ ಹಾಯಿಸಿ ನೋಡುವ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ತೆಗೆದ ಚಿತ್ರ ಅದು. ಆದರೆ ಅಲ್ಲಿ ನಮಗೆ ಕಾಣುವುದು ಹೆಚ್ಚಾಗಿ ಇರುವೆಯ ಮೈಮೇಲೆ ಬಳಿದ ಚಿನ್ನ! ಬಣ್ಣವಿದ್ದರೆ ಅದು ಆಮೇಲೆ ಕಂಪ್ಯೂಟರಿನಲ್ಲಿ ತುಂಬಿದ್ದು.

ಸಾಮಾನ್ಯವಾಗಿ ಈ ಯಂತ್ರದೊಳಗೆ ಗಾಳಿಯನ್ನು ಎಳೆದು ತೆಗೆದಿರುತ್ತಾರೆ. ಹಸಿ ವಸ್ತು ಇಟ್ಟರೆ ನೀರು ಆವಿಯಾಗಿ ಸುಕ್ಕುಗಟ್ಟುತ್ತದೆ. ಇರುವೆಯ ಹೊರಮೈ ಗಟ್ಟಿ, ಒಣಗಿದರೂ ಅಷ್ಟಾಗಿ ಕೆಡುವುದಿಲ್ಲ. ಎಳೆ ಮೊಗ್ಗು, ಕರುಳಿನ ಒಳಪದರದಂಥ ಮೆತ್ತನೆಯ ವಸ್ತುಗಳದ್ದೇ ಕಷ್ಟ. ಅವನ್ನು ಮೊದಲು ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕದಲ್ಲಿ ನೆನೆಸಿ ಬಿಗಿ ಮಾಡುತ್ತಾರೆ. ಆಮೇಲೆ ಶೇಕಡಾ 30, 50, 70 ಹೀಗೆ ಆಲ್ಕೋಹಾಲನ್ನು ಏರಿಸುತ್ತಾ ನೀರನ್ನು ಹೊರಹಾಕುತ್ತಾರೆ. ಆ ಆಲ್ಕೋಹಾಲನ್ನೂ ಸುಮ್ನೆ ಆರಲು ಬಿಡುವಂತಿಲ್ಲ. ದ್ರವ ಆರುತ್ತಾ ಹಿಂದೆ ಸರಿಯುವಾಗ ಅದರ ಮೇಲ್ಮೈಯ ಎಳೆತಕ್ಕೇ ಸಣ್ಣ ರೋಮಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದಕ್ಕೇ ಆಲ್ಕೋಹಾಲಿನ ಜಾಗದಲ್ಲಿ ದ್ರವರೂಪದ ಕಾರ್ಬನ್ ಡೈಆಕ್ಸೈಡ್ ತುಂಬಿ, ಸುಮಾರು 31 ಡಿಗ್ರಿ ಸೆಲ್ಸಿಯಸ್ ಮತ್ತು ವಾತಾವರಣದ 73 ಪಟ್ಟು ಒತ್ತಡ ದಾಟಿಸುತ್ತಾರೆ. ಅಲ್ಲಿ ದ್ರವ ಯಾವುದು, ಅನಿಲ ಯಾವುದು ಎಂಬ ಗೆರೆಯೇ ಉಳಿಯುವುದಿಲ್ಲ. ಮೇಲ್ಮೈಯೇ ಇಲ್ಲದ ಮೇಲೆ ಎಳೆತ ಎಲ್ಲಿಂದ ಬರಬೇಕು? ಈ ಇಡೀ ಕೆಲಸದಲ್ಲಿ ನನಗೆ ತುಂಬಾ ಮೆಚ್ಚುಗೆಯಾದ ಉಪಾಯ ಇದು.

ಇನ್ನು ಚಿನ್ನದ ಮಾತು. ಒಣ ಇರುವೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಬಂದು ಬಿದ್ದ ಎಲೆಕ್ಟ್ರಾನುಗಳು ಅಲ್ಲೇ ಗುಂಪುಗಟ್ಟಿ, ಚಿತ್ರದಲ್ಲಿ ಕಣ್ಣು ಕುಕ್ಕುವ ಬಿಳಿ ಪಟ್ಟೆಗಳು ಮೂಡುತ್ತವೆ. ಅದಕ್ಕಾಗಿ ಇರುವೆಯನ್ನು ಸ್ಟಬ್ ಎಂಬ ಪುಟ್ಟ ಅಲ್ಯೂಮಿನಿಯಂ ಪೀಠದ ಮೇಲೆ ಕಾರ್ಬನ್ ಟೇಪಿನಿಂದ ಅಂಟಿಸಿ, ಲೋಹದ ತೆಳುಪದರ ಬಳಿಯುವ ಸ್ಪಟರ್ ಕೋಟರ್ ಎಂಬ ಯಂತ್ರದೊಳಗೆ ಇಡುತ್ತಾರೆ. ಅಲ್ಲಿ ಆರ್ಗಾನ್ ಅನಿಲದ ಅಯಾನುಗಳು, ಅಂದರೆ ವಿದ್ಯುದಾವೇಶವಿರುವ ಕಣಗಳು, ಚಿನ್ನದ ತಗಡಿಗೆ ಬಡಿಯುತ್ತವೆ. ಕಿತ್ತುಬಂದ ಪರಮಾಣುಗಳು ಇರುವೆಯ ಮೇಲೆ ಕೂರುತ್ತವೆ. ಸುಮಾರು 10 ನ್ಯಾನೋಮೀಟರ್ ದಪ್ಪ ಸಾಕು, ಅಂದರೆ ಮಿಲಿಮೀಟರಿನ ಲಕ್ಷದಲ್ಲಿ ಒಂದು ಪಾಲು. ಚಿನ್ನದ ರೇಟು ನೋಡಿ ಗಾಬರಿಯಾಗಬೇಕಿಲ್ಲ.

ಜಾಸ್ತಿ ಬಳಿದರೆ ಸಣ್ಣ ವಿವರಗಳು ಹೂತುಹೋಗುತ್ತವೆ. ತುಂಬಾ ಹಿಗ್ಗಿಸಿ ನೋಡಿದಾಗ ಚಿನ್ನದ ಕಾಳುಗಳೇ ಕಾಣಿಸಿಕೊಳ್ಳುತ್ತವೆ. ಅದನ್ನೇ ವಸ್ತುವಿನ ಮೈ ಅಂದುಕೊಳ್ಳುವ ಅಪಾಯವಿದೆ. ಅಂಥ ಕಡೆ ಇನ್ನೂ ನುಣುಪಾಗಿ ಕೂರುವ ಪ್ಲಾಟಿನಂ ಅಥವಾ ಇರಿಡಿಯಂ ಒಳ್ಳೆಯದು. ಎಲೆಕ್ಟ್ರಾನು ಬಡಿದಾಗ ಹೊರಡುವ ಎಕ್ಸ್-ರೇ ನೋಡಿ ವಸ್ತುವಿನಲ್ಲಿ ಯಾವ ಧಾತುವಿದೆ ಎಂದು ತಿಳಿಯಬೇಕಾದರೆ ಚಿನ್ನ ತೊಡಕು. ಅದರ ಎಕ್ಸ್-ರೇ ಗೆರೆ ರಂಜಕ, ಗಂಧಕದ ಗೆರೆಗಳ ನಡುವೆಯೇ ಬಂದು ಕೂರುತ್ತದೆ. ಆಗ ಕಾರ್ಬನ್ ಬಳಿಯುತ್ತಾರೆ. ಹಾಗಾಗಿ ಸ್ಯಾಂಪಲ್ ಕೊಡುವ ವಿದ್ಯಾರ್ಥಿಗಳು ತಮಗೆ ಏನು ನೋಡಬೇಕಿದೆ ಎಂದು ಲ್ಯಾಬಿನವರಿಗೆ ಮೊದಲೇ ಹೇಳಿಬಿಡಿ. ಒಮ್ಮೆ ಕೂತ ಚಿನ್ನವನ್ನು ಇರುವೆಯ ಮೈಯಿಂದ ಒರೆಸಿ ತೆಗೆಯಲು ಆಗುವುದಿಲ್ಲ.