ವಿಸಿಲ್ ಊದುವ ಮುಂಚೆ

ಕೇಳುಗರಿಗೆ ನಮಸ್ಕಾರ.

ಫುಟ್‌ಬಾಲ್ ಪಂದ್ಯ ಇನ್ನೇನು ಶುರುವಾಗಬೇಕು. ಆಟಗಾರರು ಮೈದಾನಕ್ಕೆ ಇಳಿದಾಗಿದೆ. ಅವರಲ್ಲಿ ಒಬ್ಬರು ಎಲ್ಲರಿಗಿಂತ ಎತ್ತರ. 1.98 ಮೀಟರ್, ಅಂದರೆ ಆರೂವರೆ ಅಡಿ. ಅವರು ಸ್ವಲ್ಪ ಮುಖ ಪಕ್ಕಕ್ಕೆ ತಿರುಗಿಸುತ್ತಾರೆ. ನೋಡುವವರಿಗೆ ಅದು ಗಮನಕ್ಕೂ ಬರುವುದಿಲ್ಲ. ಆದರೆ ಅವರಿಗೆ ವಾಂತಿ ಒತ್ತರಿಸಿಕೊಂಡು ಬರುತ್ತಿದೆ. ಕಣ್ಣಲ್ಲಿ ನೀರು. ಕ್ಯಾಮೆರಾಕ್ಕೆ ಕಾಣಬಾರದು ಅಂತ ಮುಖ ತಿರುಗಿಸಿದ್ದಾರೆ.

ಅವರ ಹೆಸರು ಪೇರ್ ಮೆರ್ಟೆಸಾಕರ್. ಜರ್ಮನಿಯ ಪರ 104 ಪಂದ್ಯ ಆಡಿದವರು, 2014ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದವರು. ಇಷ್ಟು ಆಡಿದ ಮನುಷ್ಯನಿಗೆ ಪ್ರತಿ ಪಂದ್ಯಕ್ಕೂ ಮುಂಚೆ ಹೀಗೇ ಆಗುತ್ತಿತ್ತು.

ಮೆರ್ಟೆಸಾಕರ್ ಹುಟ್ಟಿದ್ದು 1984ರಲ್ಲಿ, ಹ್ಯಾನೋವರ್‌ನಲ್ಲಿ. ಬೆಳೆದದ್ದು ಪಕ್ಕದ ಪಾಟೆನ್ಸೆನ್ ಅನ್ನುವ ಚಿಕ್ಕ ಊರಿನಲ್ಲಿ. ಹನ್ನೊಂದನೇ ವಯಸ್ಸಿಗೆ ಹ್ಯಾನೋವರ್ 96 ಕ್ಲಬ್ಬಿಗೆ ಬಂದರು. ಆಗ ಜರ್ಮನಿಯ ಹುಡುಗರು ಒಂದೋ ಸೈನ್ಯಕ್ಕೆ ಹೋಗಬೇಕಿತ್ತು, ಇಲ್ಲವೇ ಸಮಾಜಸೇವೆ ಮಾಡಬೇಕಿತ್ತು. ಇವರು ಸೇವೆ ಮಾಡಿದ್ದು ಒಂದು ಮನೋರೋಗಿಗಳ ಆಸ್ಪತ್ರೆಯಲ್ಲಿ. 2004ರ ಅಕ್ಟೋಬರ್‌ನಲ್ಲಿ, ಟೆಹರಾನ್‌ನಲ್ಲಿ ಇರಾನ್ ವಿರುದ್ಧ ದೇಶಕ್ಕಾಗಿ ಮೊದಲ ಸಲ ಆಡಿದರು. ಆಗಷ್ಟೇ ಇಪ್ಪತ್ತು ತುಂಬಿತ್ತು.

ಅವರು ಡಿಫೆಂಡರ್, ಅಂದರೆ ಎದುರಾಳಿ ಗೋಲು ಹೊಡೆಯದ ಹಾಗೆ ತಡೆಯುವವರು. ಜೋರಾಗಿ ಓಡುವವರಲ್ಲ. ಇದು ಎದುರಾಳಿಗಳಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅದಕ್ಕೇ ಚೆಂಡು ಎಲ್ಲಿಗೆ ಬರುತ್ತದೆ ಅಂತ ಮೊದಲೇ ಊಹಿಸಿ ಅಲ್ಲಿ ಹೋಗಿ ನಿಲ್ಲುತ್ತಿದ್ದರು. ನೀರು ನುಗ್ಗುವ ಮುಂಚೆಯೇ ಬದು ಕಟ್ಟುವ ರೈತನ ಹಾಗೆ. ಫೌಲ್ ಮಾಡುವುದೂ ಬಹಳ ಕಡಿಮೆ. ಡಿಫೆಂಡರ್ ಅಂದರೆ ಕಾಲು ಬೀಸಿ ಟ್ಯಾಕಲ್ ಮಾಡಿ ಚೆಂಡು ಕಿತ್ತುಕೊಳ್ಳುವವನು ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ಆ ಅವಸರವೇ ಬಾರದ ಹಾಗೆ ಆಡುವುದು ಇನ್ನೂ ದೊಡ್ಡ ವಿದ್ಯೆ ಅಂತ ನನಗೆ ಅನ್ನಿಸಿದ್ದು ಇವರನ್ನು ನೋಡಿಯೇ.

2006ರ ವಿಶ್ವಕಪ್ ಜರ್ಮನಿಯಲ್ಲೇ ನಡೆಯಿತು. ಜುಲೈ 4, ಡಾರ್ಟ್‌ಮುಂಡ್, ಇಟಲಿ ವಿರುದ್ಧ ಸೆಮಿಫೈನಲ್. 118 ನಿಮಿಷದವರೆಗೆ ಗೋಲೇ ಇಲ್ಲ. ಆಮೇಲೆ ಇಟಲಿಯ ಗ್ರೋಸೊ ಒಂದು, ಡೆಲ್ ಪಿಯರೊ ಒಂದು. ಅಷ್ಟರಲ್ಲಿ ಎಲ್ಲ ಮುಗಿಯಿತು. ಇಡೀ ದೇಶ ಕಣ್ಣೀರಿಟ್ಟಿತು. ಮೆರ್ಟೆಸಾಕರ್‌ಗೂ ದುಃಖವಾಯಿತು. ಆದರೆ ಅದಕ್ಕಿಂತ ಜಾಸ್ತಿ, ಅಂತೂ ಮುಗಿಯಿತಲ್ಲ ಅಂತ ಮನಸ್ಸು ಹಗುರವಾಯಿತು. ಇದನ್ನು ಅವರು ಹೇಳಿಕೊಂಡದ್ದು ಹನ್ನೆರಡು ವರ್ಷದ ಮೇಲೆ.

ಅದೇ ವರ್ಷ ಜರ್ಮನಿಯ ಇನ್ನೊಂದು ಕ್ಲಬ್ಬು ವೆರ್ಡರ್ ಬ್ರೆಮೆನ್ ಸೇರಿದರು, 2009ರಲ್ಲಿ ಜರ್ಮನ್ ಕಪ್ ಗೆದ್ದರು. ಆ ವರ್ಷದ ನವೆಂಬರ್‌ನಲ್ಲಿ ರಾಷ್ಟ್ರೀಯ ತಂಡದ ಗೋಲ್‌ಕೀಪರ್ ರಾಬರ್ಟ್ ಎಂಕೆ ಖಿನ್ನತೆಯಿಂದ ಬಳಲಿ ಜೀವ ಕಳೆದುಕೊಂಡರು. ಎಂಕೆ ಹ್ಯಾನೋವರ್‌ನಲ್ಲೂ ಇವರ ಜೊತೆ ಆಡಿದ್ದವರು.

2011ರಲ್ಲಿ ಲಂಡನ್‌ನ ಆರ್ಸೆನಲ್ ಕ್ಲಬ್ಬು. 2014ರಲ್ಲಿ ಬ್ರೆಜಿಲ್ ವಿಶ್ವಕಪ್. ಅಲ್ಲಿ ಅಲ್ಜೀರಿಯಾ ಎದುರು ಜರ್ಮನಿ ಹೆಚ್ಚುವರಿ ಸಮಯದಲ್ಲಿ ಹೇಗೋ 2-1ರಿಂದ ಗೆದ್ದಿತು. ಯಾಕಿಷ್ಟು ತಿಣುಕಾಡಿದಿರಿ ಅಂತ ಟಿ.ವಿ. ವರದಿಗಾರ ಕೇಳಿದ. ಬೆವರು ಸುರಿಯುತ್ತಿದ್ದ ಮೆರ್ಟೆಸಾಕರ್ ರೇಗಿಬಿಟ್ಟರು. ಇನ್ನು ಮೂರು ದಿನ ಐಸ್ ತೊಟ್ಟಿಯಲ್ಲಿ ಮಲಗುತ್ತೇನೆ, ಆಮೇಲೆ ನೋಡೋಣ ಅಂದರು. ಜನ ಆ ಮಾತನ್ನು ಹೇಳಿಕೊಂಡು ನಕ್ಕರು. ಈಗ ಅದನ್ನು ನೆನೆದರೆ ನನಗೆ ನಗು ಬರುವುದಿಲ್ಲ. ಎಷ್ಟು ದಣಿದಿದ್ದರೋ ಪಾಪ. ಮುಂದಿನ ಪಂದ್ಯಕ್ಕೆ ಅವರನ್ನು ಬೆಂಚಿಗೆ ಕೂರಿಸಿದರು. ಫೈನಲ್‌ನಲ್ಲಿ ಕೊನೇ ಗಳಿಗೆಗೆ ಇಳಿದರು. ಕಪ್ ಗೆದ್ದ ಮರು ತಿಂಗಳೇ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದರು.

ನನಗೆ ತುಂಬಾ ಪ್ರೀತಿಯ ಪಂದ್ಯ ಬೇರೆಯೇ ಇದೆ. 2017ರ ಮೇ 27, ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡಿನ ಎಫ್.ಎ. ಕಪ್ ಫೈನಲ್. ಎದುರಿಗೆ ಆ ವರ್ಷದ ಲೀಗ್ ಚಾಂಪಿಯನ್ ಚೆಲ್ಸಿ. ಮೆರ್ಟೆಸಾಕರ್ ಆಗ ಆರ್ಸೆನಲ್‌ನ ಕ್ಯಾಪ್ಟನ್. ಆದರೆ ಮಂಡಿ ನೋವಿನಿಂದಾಗಿ ಇಡೀ ಸೀಸನ್ ಹೆಚ್ಚುಕಡಿಮೆ ಹೊರಗೇ ಕಳೆದಿದ್ದರು. ಲೀಗ್‌ನ ಕೊನೆಯ ದಿನ ಎವರ್ಟನ್ ವಿರುದ್ಧ ಬದಲಿಯಾಗಿ ಇಳಿದದ್ದಷ್ಟೇ. ಅವತ್ತೇ ತಂಡದ ಬೇರೆ ಡಿಫೆಂಡರ್‌ಗಳಲ್ಲಿ ಕೊಸಿಯೆಲ್ನಿಗೆ ಕೆಂಪು ಕಾರ್ಡ್ ಸಿಕ್ಕಿ ಫೈನಲ್ ತಪ್ಪಿತು, ಗೇಬ್ರಿಯಲ್ ಗಾಯಗೊಂಡರು. ಮುಸ್ತಾಫಿ ಕೂಡ ತಲೆಗೆ ಪೆಟ್ಟು ಬಿದ್ದು ಹೊರಗಿದ್ದರು. ಬೇರೆ ದಾರಿಯೇ ಇಲ್ಲದೆ ಇವರನ್ನು ಆಡಿಸಿದರು.

ಡಿಯೆಗೊ ಕೋಸ್ಟಾನಂಥ ಒರಟು ಸ್ಟ್ರೈಕರ್ ಎದುರಿಗಿದ್ದ. 32 ವರ್ಷದ, ಓಟವೇ ಇಲ್ಲದ ಈ ಮನುಷ್ಯ ಏನು ಮಾಡಿಯಾರು ಅಂತ ಎಲ್ಲರಿಗೂ ಅನುಮಾನ. ಅವರು ಹಳೆಯ ಹಾಗೇ ಆಡಿದರು. ಚೆಂಡು ಬರುವ ಜಾಗಕ್ಕೆ ಮೊದಲೇ ಬಂದು ನಿಂತರು. ಕೋಸ್ಟಾ ಒಂದು ಗೋಲು ಹೊಡೆದು 1-1 ಮಾಡಿದ, ನಿಜ. ಮೂರೇ ನಿಮಿಷದಲ್ಲಿ ರ‍್ಯಾಮ್ಸೆ ತಿರುಗಿಸಿ ಹೊಡೆದರು. ಆರ್ಸೆನಲ್ 2-1ರಿಂದ ಗೆದ್ದಿತು. ಆ ದಿನದ ಅವರ ಆಟ ಕಣ್ಣಿಗೆ ಕಟ್ಟಿದ ಹಾಗಿದೆ.

2018ರ ಮಾರ್ಚ್‌ನಲ್ಲಿ, ನಿವೃತ್ತಿಗೆ ಸ್ವಲ್ಪ ಮುಂಚೆ, ಡೆರ್ ಶ್ಪೀಗೆಲ್ ಪತ್ರಿಕೆಗೆ ಅವರು ಎಲ್ಲವನ್ನೂ ಬಿಡಿಸಿ ಹೇಳಿದರು. ಆ ವಾಂತಿ, ಪಂದ್ಯದ ದಿನ ಬೆಳಿಗ್ಗೆ ಹೊಟ್ಟೆ ಕೆಡುವುದು, ಎಲ್ಲವನ್ನೂ. ಜರ್ಮನಿಯ ಮಾಜಿ ಕ್ಯಾಪ್ಟನ್ ಲೋಥರ್ ಮ್ಯಾಥ್ಯೂಸ್‌ಗೆ ಇದು ಹಿಡಿಸಲಿಲ್ಲ. ಹೀಗೆ ಮಾತಾಡುವವರು ಎಳೆಯ ಆಟಗಾರರನ್ನು ಹೇಗೆ ತಯಾರು ಮಾಡುತ್ತಾರೆ ಅನ್ನುವುದು ಅವರ ಪ್ರಶ್ನೆ. ನಾನು ಒಪ್ಪುವುದಿಲ್ಲ. ಹೆದರಿಕೆ ಇಟ್ಟುಕೊಂಡೇ ಹದಿನೈದು ವರ್ಷ ಆಡಿದವರಿಗಿಂತ ಚೆನ್ನಾಗಿ ಆ ಹುಡುಗರ ಕಷ್ಟ ಇನ್ಯಾರಿಗೆ ಅರ್ಥವಾಗಬೇಕು?

ಆ ವರ್ಷವೇ ಆರ್ಸೆನಲ್ ಕ್ಲಬ್ಬು ಅವರ ಕೈಗೆ ತನ್ನ ಅಕಾಡೆಮಿಯನ್ನು ಕೊಟ್ಟಿತು. ಬರೀ ಆಟವನ್ನೇ ನಂಬಿಕೊಂಡು ಮಕ್ಕಳು ಓದು ಬಿಡಬಾರದು ಅನ್ನುವುದು ಅವರ ಮಾತು. ಅಲ್ಲಿ ಯಾವ ಹುಡುಗನಾದರೂ ಪಂದ್ಯಕ್ಕೆ ಮುಂಚೆ ಮೆಲ್ಲಗೆ ಮುಖ ಪಕ್ಕಕ್ಕೆ ತಿರುಗಿಸಿದರೆ, ಯಾಕೆ ಅಂತ ಅವರು ಕೇಳಬೇಕಾಗಿರಲಿಲ್ಲ.

ನಮಸ್ಕಾರ.